ಎಣಿಕೆಗೆ ಬಾರದ ನುಡಿ

ಮಂಗಳೂರು ಬಹುಭಾಷೆಗಳ ಊರೆಂದು ಅಭಿಮಾನಪಡುವ ನಾವು ತುಳು, ಕೊಂಕಣಿ, ಬ್ಯಾರಿಗಳನ್ನೆಣಿಸಿ ಬೆರಳು ಮಡಚುತ್ತೇವೆ. ಕೊರಗ ಭಾಷೆಯನ್ನು ಎಣಿಸುವುದಿಲ್ಲ. ಕೊರಗರು ಪರರೊಡನೆ ಆಡುವುದು ತುಳುವನ್ನು. ತಮ್ಮ ನುಡಿ ತಮ್ಮವರೊಳಗೇ. ಅದು ಕೆಟ್ಟ ತುಳುವೆಂದು ಬಗೆದವರು ಸುಶಿಕ್ಷಿತರಲ್ಲಿಯೂ ಇದ್ದಾರೆ. ಇದು ಅಜ್ಞಾನ. ಪುತ್ತೂರು ಸೀಮೆಯವರೇ ಆದ ಡಿ. ಎನ್. ಶಂಕರ ಭಟ್ಟರು ಒಂಟಿ, ತಪ್ಪು, ಮುದು ಎಂಬ ಅದರ ಒಳನುಡಿಗಳನ್ನು ಪರಿಶೀಲಿಸಿ ಬರೆದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1971ರಲ್ಲಿಯೇ ಪ್ರಕಟಿಸಿತು. ಆದರೆ ಅದು ಇಂಗ್ಲಿಷಿನಲ್ಲಿದೆ, ಪಂಡಿತರಿಗಾಗಿ ಇದೆ. ಕೊರಗ ಬಾಲಕನಿಗಾಗಲಿ ಅವನ ಉಪಾಧ್ಯಾಯರಿಗಾಗಲಿ ನಿಲುಕುವಂಥದಲ್ಲ. ತುಳುವಿಗಾದರೋ 1886ರಲ್ಲಿ ಇದೇ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮ್ಯಾನರನ ನಿಘಂಟು ಬಂದಿತು. ಉಡುಪಿಯಿಂದ ಆರು ಸಂಪುಟಗಳ ಮಹಾಕೋಶವೂ ಬಂದಿತು.

ಅಜಲು ಪದ್ಧತಿಯನ್ನು ಶಾಸನವು ನಿಷೇಧಿಸಿದ್ದು 2000ದಲ್ಲಿ. ಅಷ್ಟು ಕಾಲ ಹೀನಾಯವನ್ನುಂಡ ತಾಯಿ, ಗುರುತು ಹತ್ತಿಸುವ ಆ ಮಾತನ್ನು ಮಗುವಿಗೆ ಕಲಿಸಲು ಹಿಂಜರಿದರೆ ದೋಷ ಆಕೆಯದೇ? ಯುನೆಸ್ಕೋ ಸಂಸ್ಥೆ ಈ ಭಾಷೆಯನ್ನು ಅಳಿವಿನಂಚಿನವುಗಳ ಪಟ್ಟಿಗೆ ಸೇರಿಸಿದೆ. ಪಟ್ಟಿಯಿಂದ ಭಾಷೆ ಉಳಿಯದು. ನಮ್ಮ ಕಾಲೇಜುಗಳು ಕೊರಗ ಹಿರಿಯರನ್ನು ಅಧ್ಯಾಪಕರಿಗೊಪ್ಪುವ ಗೌರವಧನವಿತ್ತು ಕರೆಸಲಿ; ಅವರ ಮಾತನ್ನು ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಒಂದು ಸಣ್ಣ ಪದಕೋಶವನ್ನಾದರೂ ಅಚ್ಚುಹಾಕಿಸಲಿ. ಅದರ ಮೊದಲ ಪ್ರತಿಗಳು ಗ್ರಂಥಾಲಯದ ಕಪಾಟಿಗಲ್ಲ, ಕೊರಗರ ಮನೆಗಳಿಗೆ ಹೋಗಲಿ.