ಕೋರ್ಟಿನ ಮಾತು ಆಮ್ಯಾಲೆ, ಸಹಿ ಮಾತ್ರ ಗಡಬಡಿಸಿ ಹಾಕಬ್ಯಾಡ್ರಿ

"ಗೆದ್ದವ ಸೋತ, ಸೋತವ ಸತ್ತ" ಅಂತ ಕೋರ್ಟಿನ ಬಗ್ಗೆ ಹಿರ್ಯಾರು ಹೇಳ್ಯಾರ. ಖರೇನ ಅದ. ಆದ್ರ ಈ ಮಾತು ನಮ್ಮ ಮನ್ಯಾಗ ಯಾರಿಗೆ ಹೇಳ್ತಾರ ಅಂತ ಸ್ವಲ್ಪ ಲಕ್ಷ್ಯ ಕೊಟ್ಟು ನೋಡ್ರಿ. ಅಣ್ಣ-ತಮ್ಮ ಬದುವಿನ ಜಗಳಕ್ಕ ಹತ್ತು ವರ್ಷ ತಾರೀಖಿಗೆ ಓಡ್ಯಾಡಿದ್ರೂ ಯಾರೂ ಹೇಳಂಗಿಲ್ಲ. ತವರಮನಿ ಹೊಲದಾಗ ನನ್ನ ಪಾಲು ಎಷ್ಟು ಅಂತ ಹೆಣ್ಣಮಗಳು ಕೇಳಿದ ಕೂಡ್ಲೆ ಎಲ್ಲಾರಿಗೂ ನೆನಪಾಗ್ತದ. "ಇನ್ನ ಪಂಚಮಿಗೆ ಕರೀಲಿಕ್ಕೆ ಯಾರು ಬರ್ತಾರ, ಉಡಿ ಯಾರು ತುಂಬ್ತಾರ?" ಅಂತ ಶುರು ಮಾಡ್ತಾರ.

ಹಂಗಂತ ಎಲ್ಲಾರೂ ಕೋರ್ಟಿಗೆ ನಡೀರಿ ಅಂತ ನಾ ಹೇಳ್ಲಿಕತ್ತಿಲ್ಲ. ದಾವೆ ಹಾಕಬೇಕೋ ಬ್ಯಾಡೋ ಅನ್ನೋದನ್ನ ಅಂಜಿಕಿಲೆ ಅಲ್ಲ, ಸಿಟ್ಟಿಲೇನೂ ಅಲ್ಲ, ಕಿರಾಣಿ ಲೆಕ್ಕ ಮಾಡಿದಂಗ ಕೂತು ಲೆಕ್ಕ ಮಾಡಬೇಕು.

ಮೊದಲ ಹಕ್ಕು ಅದನೋ ಇಲ್ಲೋ ನೋಡ್ರಿ. ಹಿಂದೂ ವಾರಸಾ ಕಾಯ್ದೆಗೆ 2005ರಾಗ ತಿದ್ದುಪಡಿ ಆದಮ್ಯಾಲೆ ಹಿರ್ಯಾರ ಆಸ್ತಿಯೊಳಗ ಮಗಳಿಗೂ ಮಗನಷ್ಟ ಪಾಲು. ಅಪ್ಪ ಅದಕ್ಕಿಂತ ಮೊದಲ ತೀರಿಕೊಂಡಿದ್ರೂ ಹಕ್ಕು ಹೋಗಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಾಗ ಹೇಳೇದ. ಆದ್ರ 2004ರ ಡಿಸೆಂಬರ್ 20ಕ್ಕಿಂತ ಮೊದಲ ವಾಟ್ನಿ ಆಗಿ ರಿಜಿಸ್ಟರ್ ಆಗಿದ್ರ ಅದನ್ನ ಮತ್ತ ತಗೀಲಿಕ್ಕೆ ಬರಂಗಿಲ್ಲ. ಅಪ್ಪ ತಾನ ಗಳಿಸಿದ್ದನ್ನ ಮೃತ್ಯುಪತ್ರ ಬರದಿಟ್ಟಿದ್ರ ಅದೂ ಬ್ಯಾರೆ ಮಾತು. ಅದಕ್ಕ ವಕೀಲರ ಕಡೆ ಹೋಗೂಕಿಂತ ಮೊದಲ ಉತಾರ ತಗಸ್ರಿ.

ಆಮ್ಯಾಲೆ ಪಾಲು. ಅವ್ವ-ಅಪ್ಪ ಇಲ್ಲ, ಇಬ್ಬರು ಅಣ್ಣತಮ್ಮಂದಿರು, ಮೂರು ಮಂದಿ ಅಕ್ಕತಂಗೇರು, ಹೊಲ 4 ಎಕರೆ ಅಂತ ಇಟ್ಕೋರಿ. ಒಬ್ಬೊಬ್ಬರಿಗೆ 32 ಗುಂಟೆ. ನೀರಿಲ್ಲದ ಊರಾಗಿನ 32 ಗುಂಟೆ ಬ್ಯಾರೆ, ಹುಬ್ಬಳ್ಳಿ ಬೈಪಾಸ್ ಹತ್ರದ್ದು ಬ್ಯಾರೆ. ಆ ಕಡೆ ವಕೀಲರ ಫೀ, ಬಸ್ಸಿನ ಖರ್ಚು, ವರ್ಷಗಳನ್ನ ಬರೀರಿ. ಮೊದಲಿನ ಡಿಕ್ರಿ ಪಾಲು ಎಷ್ಟು ಅಂತ ಅಷ್ಟ ಹೇಳ್ತದ. ಹೊಲ ಅಳದು ಕೈಗೆ ಬರೋದು ಅಂತಿಮ ಡಿಕ್ರಿ ಆದಮ್ಯಾಲೆ. ನಡುವ ಅಪೀಲು ಹೋದ್ರ ಮತ್ತ ಕಾಯೋದು.

ಲೆಕ್ಕ ಹೊಂದಲಿಲ್ಲ ಅಂದ್ರ ಬಿಡ್ರಿ, ಅದರಾಗ ನಾಚಿಕಿ ಏನಿಲ್ಲ. ಆದ್ರ ಬಿಡೋದು ಬ್ಯಾರೆ, ಬಿಡಸ್ಕೊಳ್ಳೋದು ಬ್ಯಾರೆ. ಊಟಕ್ಕ ಕರದು, ಸೀರಿ ಕೊಟ್ಟು, "ಇಲ್ಲೊಂದು ಸಹಿ ಹಾಕವ್ವ" ಅಂತಾರಲ್ಲ, ಆ ಹಕ್ಕುಬಿಡುಗಡೆ ಪತ್ರ ರಿಜಿಸ್ಟರ್ ಆತಂದ್ರ ಹಿಂದಕ್ಕ ತಗೊಳ್ಳೋದು ಭಾಳ ಕಠಿಣ. ದಾವೆ ಹಾಕಲಿಲ್ಲ ಅಂದ್ರ ಹಕ್ಕು ಅವತ್ತ ಹೋಗಂಗಿಲ್ಲ, ಸಹಿ ಹಾಕಿದ್ರ ಹೋಗ್ತದ. "ಮನಿಗೆ ಒಯ್ದು ಓದಿಸಿ ನೋಡ್ತೀನಿ" ಅನ್ನಲಿಕ್ಕೆ ಕಲೀರಿ. ಅಷ್ಟಕ್ಕ ಮುರಿಯೋ ತವರು ಮೊದಲಿಂದ ಎಷ್ಟು ಗಟ್ಟಿ ಇತ್ತು?

ಸುಮ್ನ ಕೂಡ್ಲಿಕ್ಕೂ ಒಂದು ಮಿತಿ ಅದ. ನಿನಗ ಪಾಲಿಲ್ಲ ಅಂತ ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷದೊಳಗ ದಾವೆ ಹಾಕಬೇಕು. ಹೊಲ ಮಾರಲಿಕ್ಕೆ ಗಿರಾಕಿ ಬಂದು ಹೋಗ್ಲಿಕತ್ತಾರ ಅಂದ್ರ ಮಾತ್ರ ಲೆಕ್ಕ ಮಾಡ್ಕೋತ ಕೂಡಬ್ಯಾಡ್ರಿ. ದಾವೆ ಹಾಕಿ ತಡೆಯಾಜ್ಞೆ ಕೇಳೋದ ದಾರಿ.

ಎರಡರ ನಡುವ ಇನ್ನೊಂದು ದಾರಿ ಅದ. ತಾಲೂಕು ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಇರ್ತದ. ಹೆಣ್ಣಮಕ್ಕಳಿಗೆ ಗಳಿಕಿ ಎಷ್ಟಿದ್ರೂ ಅಲ್ಲೆ ವಕೀಲರ ಸಹಾಯ ಪುಕ್ಕಟ. ದಾವೆ ಹಾಕೂಕಿಂತ ಮೊದಲ ಲೋಕ ಅದಾಲತ್‌ನ್ಯಾಗ ಅಣ್ಣನ್ನ ಎದುರಿಗೆ ಕೂಡಿಸಿ ಮಾತಾಡಬಹುದು. ಇಬ್ಬರೂ ಒಪ್ಪಿದ್ರ ಆ ರಾಜಿ ಕೋರ್ಟಿನ ಡಿಕ್ರಿಯಷ್ಟ ಗಟ್ಟಿ, ಮ್ಯಾಲೆ ಅಪೀಲೂ ಇಲ್ಲ.

ನಿಮ್ಮ ತವರಿನ ಉತಾರ ನೀವು ಯಾವಾಗರೆ ನೋಡೀರೇನು? ಈ ಸಲ ಪಂಚಮಿಗೆ ಹೋದಾಗ ಉಂಡಿ ಜೋಡಿ ಅದರದೊಂದು ಝೆರಾಕ್ಸ್ ತಗೊಂಡು ಬರ್ರಿ.