ವೇಗದ ಜೋಡಣೆಯೂ ದಾಖಲೆಯ ಜೋಪಾನವೂ

ವಿದ್ಯಾಸಂಸ್ಥೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ನೀಡುವ ಮಹನೀಯರ ಔದಾರ್ಯ ಸ್ತುತ್ಯವಾದುದು. ಆ ದಾನದೊಡನೆ ಬರುವ ಸಲಹೆಗಳನ್ನು ಮಾತ್ರ ತೂಗಿ ನೋಡಿ ಸ್ವೀಕರಿಸುವುದು ಉಚಿತ. ಎರಡು ಎಸ್.ಎಸ್.ಡಿ.ಗಳನ್ನು ಒಂದಾಗಿ ಜೋಡಿಸಿದರೆ ಯಂತ್ರದ ವೇಗ ಇಮ್ಮಡಿಯಾಗುತ್ತದೆಂಬುದು ಅಂಥ ಸಲಹೆಗಳಲ್ಲೊಂದು. ಮಾತು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಇಡಗುಂದಿಯಂಥ ಊರಿನ ಶಾಲೆಗೆ ಅದು ಹಿತವಂತೂ ಅಲ್ಲ.

ಈ ಜೋಡಣೆಯ ಮರ್ಮ ಸರಳವಾದುದು. ಒಂದು ರಾಶಿ ಅಡಿಕೆಯನ್ನು ಒಬ್ಬನ ಬದಲು ಇಬ್ಬರು ಕುಳಿತು ಸುಲಿದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುವಂತೆ, ಒಂದು ಕಡತವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಸೀಳಿ ಬೆಸ ತುಂಡುಗಳನ್ನು ಒಂದರಲ್ಲಿ, ಸಮ ತುಂಡುಗಳನ್ನು ಇನ್ನೊಂದರಲ್ಲಿ ಬರೆಯಲಾಗುತ್ತದೆ. ಹಲವು ಅಗ್ಗದ ಡಿಸ್ಕ್‌ಗಳನ್ನು ಕೂಡಿಸಿ ದುಡಿಸಿಕೊಳ್ಳುವ ಕ್ರಮಕ್ಕೆ ‘ರೇಡ್’ ಎಂಬ ಹೆಸರನ್ನಿತ್ತು 1988ರಲ್ಲಿ ಪ್ರಬಂಧ ಪ್ರಕಟಿಸಿದವರು ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ವಿದ್ವಾಂಸರು. ವೇಗದೊಡನೆ, ಒಂದು ಕೆಟ್ಟರೂ ಮಾಹಿತಿ ಉಳಿಯಬೇಕೆಂಬುದೂ ಅವರ ಕಾಳಜಿಯಾಗಿತ್ತು. ಕೇವಲ ವೇಗಕ್ಕಾಗಿ ಸೀಳಿ ಬರೆಯುವ, ರಕ್ಷಣೆಯೇ ಇಲ್ಲದ ಕ್ರಮಕ್ಕೆ ತರುವಾಯ ‘ಸೊನ್ನೆ’ ಎಂಬ ಅಂಕ ಬಂದುದು ಅರ್ಥಗರ್ಭಿತವಾಗಿಯೇ ಇದೆ.

ವೇಗದ ಲೆಕ್ಕವನ್ನೂ ನೋಡಬೇಕು. ಸಾಟಾ ತಂತಿಯ ಒಂದು ಎಸ್.ಎಸ್.ಡಿ. ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಬಲ್ಲದು. ಎರಡನ್ನು ಜೋಡಿಸಿದರೆ 1,000 ದಾಟುತ್ತದೆ. ಆದರೆ ಈ ಲಾಭ ಚಲನಚಿತ್ರದಂಥ ದೊಡ್ಡ ಕಡತಗಳಿಗೆ ಮಾತ್ರ. ಅಂಕಪಟ್ಟಿ, ಪತ್ರ, ಪಾಠದ ಟಿಪ್ಪಣಿ ಮೊದಲಾದ ಚಿಕ್ಕ ಕಡತಗಳನ್ನು ತೆರೆಯುವಾಗಲಾಗಲಿ, ಯಂತ್ರವನ್ನು ಚಾಲೂ ಮಾಡುವಾಗಲಾಗಲಿ ವ್ಯತ್ಯಾಸ ಅನುಭವಕ್ಕೆ ಬಾರದು. ಹಳೆಯ ಹಾರ್ಡ್ ಡಿಸ್ಕ್ ಮಾಹಿತಿಯ ಸ್ಥಳವನ್ನು ತಲುಪಲು 10 ಮಿಲಿಸೆಕೆಂಡಿನಷ್ಟು ಕಾಲ ತೆಗೆದುಕೊಂಡರೆ ಎಸ್.ಎಸ್.ಡಿ.ಗೆ ಅದರ ನೂರನೆಯ ಒಂದು ಪಾಲು ಸಾಕು. ನಿಜವಾದ ಲಾಭವು ಮೊದಲನೆಯ ಎಸ್.ಎಸ್.ಡಿ.ಯಲ್ಲಿಯೇ ದೊರೆತು ಮುಗಿಯುತ್ತದೆ. ಮೇಲಾಗಿ ಎನ್.ವಿ.ಎಂ.ಇ. ಜಾತಿಯ ಒಂದೇ ಎಸ್.ಎಸ್.ಡಿ. 3,000 ಮೆಗಾಬೈಟ್ ಮೀರಿ ಓದುವಾಗ ಸಾಟಾ ಜೋಡಿಯ ಗೊಡವೆ ಏಕೆ?

ಇನ್ನು ಅಪಾಯದ ಮಾತು. ಒಂದು ಎಸ್.ಎಸ್.ಡಿ. ವರ್ಷದಲ್ಲಿ ಕೆಡುವ ಸಂಭವ 100ಕ್ಕೆ 2 ಎಂದು ಭಾವಿಸಿದರೆ, ಸೀಳಿ ಬರೆದ ಜೋಡಿಯಲ್ಲಿ ಅದು ಸುಮಾರು 4, ನಾಲ್ಕನ್ನು ಜೋಡಿಸಿದರೆ ಸುಮಾರು 8. ಒಂದು ಕೆಟ್ಟರೆ ಉಳಿದುದರಲ್ಲಿರುವುದು ಬರಿಯ ಚೂರುಗಳು. ಘಟ್ಟದ ನೆತ್ತಿಯ ಈ ಸೀಮೆಯಲ್ಲಿ ಮಳೆಗಾಲದ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬೀಳುವುದು, ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗುವುದು ಯಾರಿಗೂ ಹೊಸತಲ್ಲ. ಆ ಕ್ಷಣದಲ್ಲಿ ಒಂದು ಪಾಲು ಬರೆದು ಇನ್ನೊಂದು ಪಾಲು ಬರೆಯದೆ ಉಳಿದರೆ ಕಡತ ಹಾಳಾದಂತೆಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಮಹಾಗಣಕಕ್ಕೆ 4 ಪೆಟಾಬೈಟ್ ಸಂಗ್ರಹವಿದೆ. ಅಂಥಲ್ಲಿ ಸಾವಿರಾರು ಸಂಸ್ಕಾರಕಗಳು ಏಕಕಾಲಕ್ಕೆ ಮಾಹಿತಿಯನ್ನು ಬೇಡುವುದರಿಂದ ಅನೇಕ ಡಿಸ್ಕ್‌ಗಳ ಕೂಡು ದುಡಿಮೆ ಅನಿವಾರ್ಯ. ನೋಡಿಕೊಳ್ಳಲು ತಜ್ಞರೂ ಇದ್ದಾರೆ. ವಾರ್ಷಿಕೋತ್ಸವದ ಚಿತ್ರಗಳನ್ನು ಸಂಕಲಿಸುವ ಯಂತ್ರದಲ್ಲಿಯೂ, ಮೂಲ ಚಿತ್ರಗಳು ಬೇರೆಡೆ ಇರುವವರೆಗೆ, ಈ ಜೋಡಣೆಗೆ ಆಕ್ಷೇಪಣೆಯಿಲ್ಲ. ಆಕ್ಷೇಪಣೆಯಿರುವುದು ಶಾಲೆಯ ಪ್ರವೇಶ ರಿಜಿಸ್ಟರು, ವರ್ಗಾವಣೆ ಪತ್ರ, ಅಂಕಗಳ ದಾಖಲೆಗಳನ್ನು ಅದರ ವಶಕ್ಕೊಪ್ಪಿಸುವುದಕ್ಕೆ. ಮೂವತ್ತು ವರ್ಷಗಳ ತರುವಾಯ ಜನ್ಮದಿನಾಂಕದ ಪ್ರಮಾಣಕ್ಕಾಗಿ ಶಾಲೆಯ ಮೆಟ್ಟಿಲೇರುವ ಹಳೆಯ ವಿದ್ಯಾರ್ಥಿಗೆ ಕಡತ ಎರಡು ಸೆಕೆಂಡು ತಡವಾಗಿ ತೆರೆದರೆ ನಷ್ಟವಿಲ್ಲ. ತೆರೆಯದೇ ಹೋದರೆ ಅವನ ಪಿಂಚಣಿಯೇ ತಡೆಯಬಹುದು.

ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸುವುದು ಸಾಧ್ಯವಾದುದು, ವಚನಗಳ ಪ್ರತಿಗಳು ಅನೇಕ ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದುದರಿಂದ. ಬೆಸ ಸಾಲುಗಳು ಒಂದು ಮನೆಯಲ್ಲಿ, ಸಮ ಸಾಲುಗಳು ಮತ್ತೊಂದು ಮನೆಯಲ್ಲಿ ಇದ್ದಿದ್ದರೆ, ಗೆದ್ದಲು ಒಂದು ಕಟ್ಟನ್ನು ತಿಂದಾಗಲೇ ಎರಡೂ ವ್ಯರ್ಥವಾಗುತ್ತಿದ್ದವು.

ಆದುದರಿಂದ ಎರಡನೆಯ ಎಸ್.ಎಸ್.ಡಿ.ಗೆಂದು ಬರುವ ಹಣವನ್ನು ಪ್ರತಿಗಾಗಿ ಬಳಸುವುದು ಯುಕ್ತ. ಎರಡರಲ್ಲಿಯೂ ಒಂದೇ ಮಾಹಿತಿಯನ್ನು ಬರೆಯುವ ಕನ್ನಡಿ ಕ್ರಮವೂ ಸಾಲದು. ಕೈತಪ್ಪಿ ಅಳಿಸಿದ್ದು ಅಲ್ಲಿ ಎರಡೂ ಕಡೆ ಅಳಿಯುತ್ತದೆ. ಯಂತ್ರದಿಂದ ಬೇರ್ಪಡಿಸಿಟ್ಟ ಪ್ರತಿಯೊಂದು ಬೇಕು, ಬೇರೆ ಊರಿನಲ್ಲಿ ಮತ್ತೊಂದು ಬೇಕು. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿರುವ ಎಸ್.ಎಸ್.ಡಿ. ತನ್ನೊಳಗಿನ ಬರಹವನ್ನು ಕಳೆದುಕೊಳ್ಳಬಹುದಾದ ಕಾರಣ, ಬೀರುವಿಗೆ ಹಳೆಯ ಹಾರ್ಡ್ ಡಿಸ್ಕೇ ಮೇಲು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲೇ ಆ ಪ್ರತಿಗಳನ್ನು ತೆರೆದು ಓದಿ ಪರೀಕ್ಷಿಸುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ಹೆಸರು ಹಿಡಿದು ವಹಿಸಿಕೊಡುವುದು ಅಗತ್ಯ.