ಸಂಶಯವಿಲ್ಲದ ಸಂಶೋಧನೆ

ನಮ್ಮ ಪೂರ್ವಿಕರು ಶಾಸ್ತ್ರಗ್ರಂಥವೊಂದನ್ನು ಆರಂಭಿಸುವಾಗ ನಾಲ್ಕು ಸಂಗತಿಗಳನ್ನು ಮೊದಲೇ ತಿಳಿಸುತ್ತಿದ್ದರು. ಗ್ರಂಥದ ವಿಷಯವೇನು, ಅದರಿಂದ ಪ್ರಯೋಜನವೇನು, ಅದನ್ನು ಓದತಕ್ಕ ಅಧಿಕಾರಿ ಯಾರು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೇನು ಎಂಬಿವೇ ಆ ನಾಲ್ಕು. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಈಗ ಎಂ.ಬಿ.ಎ. ಮೊದಲಾದ ವ್ಯಾಪಾರಶಾಸ್ತ್ರದ ಪದವಿಗಳಿಗೆ ಓದುವ ವಿದ್ಯಾರ್ಥಿಗಳು ಪ್ರೌಢಪ್ರಬಂಧವನ್ನು ಬರೆಯುವುದಕ್ಕೆ ಮುಂಚೆ ತಮ್ಮ ಮಾರ್ಗದರ್ಶಕರಿಗೆ ಒಪ್ಪಿಸತಕ್ಕ ಸಂಶೋಧನ ಪ್ರಸ್ತಾವವೂ ಹೆಚ್ಚುಕಡಮೆ ಇದೇ ಜಾತಿಯದು. ಹೆಸರು ಹೊಸದಾದ ಮಾತ್ರಕ್ಕೆ ಮನೆಯವರು ಬೆದರಬೇಕಾದುದಿಲ್ಲ.

ಬೆದರಿದ ಸೋದರಿಯೊಬ್ಬರು ತುಮಕೂರು ಸೀಮೆಯಿಂದ ನಮಗೆ ಕಾಗದ ಬರೆದಿರುವರು. ಯಜಮಾನರದು ಕಿರಾಣಿ ಅಂಗಡಿ. ಮಗನು ಎಂ.ಬಿ.ಎ. ಎರಡನೆಯ ವರ್ಷದಲ್ಲಿರುವನು. ಅವನ ಪ್ರಸ್ತಾವವನ್ನು ಮಾರ್ಗದರ್ಶಕರು ಮೂರು ಸಾರಿ ಹಿಂದಕ್ಕೆ ಕೊಟ್ಟರಂತೆ. ಕಾಲೇಜಿನ ಬಳಿ ಹಣಕ್ಕೆ ಪ್ರಸ್ತಾವವನ್ನು ಸಿದ್ಧಮಾಡಿಕೊಡುವವರಿದ್ದಾರೆಂದೂ, ಹೊಲಿದಿಟ್ಟ ಅಂಗಿಯನ್ನು ಕೊಳ್ಳುವಂತೆ ಇದನ್ನೂ ಕೊಂಡರೆ ತಪ್ಪೇನೆಂದೂ ಆ ತಾಯಿ ಕೇಳಿರುವರು. ಮಗನು ಬರೆದುದರ ಪ್ರತಿಯನ್ನೂ ಲಗತ್ತಿಸಿರುವರು.

ಅಂಗಡಿಯ ಅಂಗಿ ಯಾರ ಮೈಗಾದರೂ ಒಂದಿಷ್ಟು ಒಪ್ಪುವುದು. ಕೊಂಡ ಪ್ರಸ್ತಾವದ ಗತಿ ಬೇರೆ. ಗುರುಗಳು ಒಂದು ಪ್ರಶ್ನೆ ಕೇಳಿದರೆ ಹುಡುಗನು ಮೌನವಾಗುವನು. ಅಂಥ ಬರಹಗಳು ಒಂದರಿಂದ ಒಂದು ನಕಲಾದುವೇ ಹೆಚ್ಚು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ, ಪ್ರಬಂಧದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಭಾಗ ಪರರದಾಗಿ ಕಂಡುಬಂದರೆ ತಿದ್ದಿ ಬರೆಯಬೇಕು; 40 ದಾಟಿದರೆ ಒಂದು ವರ್ಷ ಒಪ್ಪಿಸುವಂತಿಲ್ಲ; 60 ದಾಟಿದರೆ ದಾಖಲಾತಿಯೇ ರದ್ದಾಗುವುದು. ಪ್ರಸ್ತಾವದಲ್ಲಿ ಬಿದ್ದ ಕಳವಿನ ಮಾಲು ಪ್ರಬಂಧಕ್ಕೂ ಹರಿದುಬರುವುದು. ಇನ್ನು ಈ ಮಾತನ್ನು ಬಿಟ್ಟು ಹುಡುಗನ ಬರಹಕ್ಕೆ ಬರೋಣ.

‘ಚಿಲ್ಲರೆ ವ್ಯಾಪಾರದ ಮೇಲೆ ಮೊಬೈಲು ಪಾವತಿಯ ಪರಿಣಾಮ: ಒಂದು ಅಧ್ಯಯನ’ ಎಂಬುದು ಶಿರೋನಾಮೆ. ಪ್ರಬಂಧವೆಂದ ಮೇಲೆ ಅದು ಅಧ್ಯಯನವಲ್ಲದೆ ಅಭ್ಯಂಜನವೇ? ಅದಿರಲಿ. ಹನ್ನೊಂದು ಪುಟಗಳಲ್ಲಿ ಒಂಬತ್ತು ಉದ್ದೇಶಗಳಿವೆ. ಮೊದಲನೆಯದು ಮೊಬೈಲು ಪಾವತಿಯ ಲಾಭಗಳನ್ನು ತೋರಿಸುವುದು. ಭಾಷೆ ಶುದ್ಧವಾಗಿದೆ, ಶ್ರದ್ಧೆಯೂ ಇದೆ. ಇಲ್ಲದಿರುವುದು ಒಂದೇ.

ಮೀಮಾಂಸಕರು ಯಾವ ವಿಚಾರವನ್ನಾದರೂ ಐದು ಅಂಗಗಳಾಗಿ ನಡೆಸುವರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಈ ಹುಡುಗನ ಬರಹದಲ್ಲಿ ವಿಷಯವಿದೆ, ಕೂಡಲೇ ಸಿದ್ಧಾಂತವಿದೆ. ನಡುವೆ ಸಂಶಯವೇ ಇಲ್ಲ. ಲಾಭವಿದೆಯೆಂದು ಮೊದಲೇ ನಿಶ್ಚಯಿಸಿಕೊಂಡವನು ಹುಡುಕತಕ್ಕದ್ದೇನು? ಮಾರ್ಗದರ್ಶಕರು ಮೂರು ಸಾರಿ ಹಿಂದಕ್ಕೆ ಕೊಟ್ಟುದು ಹಗೆತನದಿಂದಲ್ಲವೆಂದೇ ನಮಗೆ ತೋರುವುದು. ಉತ್ತರವು ಹೀಗೂ ಆಗಬಹುದು, ಹಾಗೂ ಆಗಬಹುದು, ಬರೆಯುವವನಿಗೆ ಈಗ ಅದು ತಿಳಿಯದು ಎಂಬಂಥ ಪ್ರಶ್ನೆಯೊಂದನ್ನು ಅವರು ಬೇಡುತ್ತಿರುವರು.

ಆ ಪ್ರಶ್ನೆ ಹುಡುಗನ ಮನೆಯಲ್ಲಿಯೇ ಇದೆ. ಯು.ಪಿ.ಐ. ಎಂಬ ಪಾವತಿಯ ಕ್ರಮವು 2016ರಲ್ಲಿ ಹುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಹಳೆಯ ಐನೂರು, ಸಾವಿರದ ನೋಟುಗಳು ರದ್ದಾದುವು. ಈಗ ಸೊಪ್ಪಿನ ಬುಟ್ಟಿಯ ಮುಂದೆಯೂ ಚುಕ್ಕೆಗಳ ಚೌಕವುಳ್ಳ ಫಲಕವನ್ನು ಕಾಣುತ್ತೇವೆ. ಆದರೆ ಹಳ್ಳಿಪೇಟೆಗಳ ಕಿರಾಣಿ ವ್ಯಾಪಾರವು ನಡೆದುಬಂದುದು ಉದ್ದರಿಯ ಮೇಲೆ. ಸಂಬಳ ಬಂದಾಗಲೋ ಕೊಬ್ಬರಿ ಮಾರಿದಾಗಲೋ ಬಾಕಿ ತೀರುವುದು. ಅಲ್ಲಿಯ ತನಕ ಅಂಗಡಿಯವನು ಪುಸ್ತಕದಲ್ಲಿ ಬರೆದಿಡುವನು. ಫಲಕ ಬಂದ ಮೇಲೆ ಉದ್ದರಿಯು ಬೇಗ ತೀರುತ್ತಿದೆಯೇ? ಅಥವಾ ಮೊಬೈಲಿನಲ್ಲಿ ಹಣವುಳ್ಳ ಗಿರಾಕಿಗಳು ದೊಡ್ಡ ಮಳಿಗೆಗೂ ಮನೆಗೆ ತಂದುಕೊಡುವ ಕಂಪೆನಿಗಳಿಗೂ ಹೋಗಿ, ಈ ಅಂಗಡಿಗೆ ಬರಿಯ ಉದ್ದರಿಯವರು ಉಳಿದರೇ? ಎರಡೂ ಸಂಭವವೇ. ಪುಸ್ತಕವನ್ನು ತೆರೆದು ಎಣಿಸುವವರೆಗೆ ಅಂಗಡಿಯ ಯಜಮಾನರೂ ಇದನ್ನು ಖಚಿತವಾಗಿ ಹೇಳಲಾರರು. ಸಂಶಯವೆಂದರೆ ಇಂಥದು.

ಇಷ್ಟು ಸಣ್ಣ ಪ್ರಶ್ನೆಗೆ ಪ್ರೌಢಪ್ರಬಂಧವೇ ಎಂದು ಕೆಲವರು ಮೂಗು ಮುರಿಯಬಹುದು. ರಾಬರ್ಟ್ ಜೆನ್ಸೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಲೇಖನವೊಂದು ಲೋಕಪ್ರಸಿದ್ಧವಾಗಿದೆ. ಅವರು ಕೇಳಿದ ಪ್ರಶ್ನೆಯೂ ಸಣ್ಣದೇ: ಉತ್ತರ ಕೇರಳದ ಬೆಸ್ತರ ಕೈಗೆ ಮೊಬೈಲು ಬಂದ ಮೇಲೆ ಬೂತಾಯಿ ಮೀನಿನ ಬೆಲೆ ಏನಾಯಿತು? ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದರೆ, ಕೆಲವೇ ಮೈಲಿಗಳಾಚೆಯ ದಡದಲ್ಲಿ ಕೊಳ್ಳುವವರು ಬರಿಗೈಯಲ್ಲಿ ಮರಳುತ್ತಿದ್ದರು. ಮೊಬೈಲು ಸೇವೆಯು ಕೋಳಿಕ್ಕೋಡಿನ ಕಡೆಗೆ 1997ರಲ್ಲಿಯೂ, ಕಣ್ಣೂರಿನ ಕಡೆಗೆ 1998ರಲ್ಲಿಯೂ, ಕಾಸರಗೋಡಿಗೆ 2000ದಲ್ಲಿಯೂ ಬಂದಿತು. ಈ ಮುಂದುಹಿಂದುಗಳೇ ಅವರಿಗೆ ಒರೆಗಲ್ಲಾಯಿತು. ಸೇವೆ ಬಂದ ಕಡೆಯಲ್ಲಿ ಬೆಲೆ ಬದಲಾಗಿ, ಇನ್ನೂ ಬಾರದ ಕಡೆಯಲ್ಲಿ ಹಾಗೆಯೇ ಉಳಿದರೆ, ಕಾರಣವು ಮೊಬೈಲೇ ಎಂದು ಧೈರ್ಯವಾಗಿ ಹೇಳಬಹುದಷ್ಟೆ. ದಡದಿಂದ ದಡಕ್ಕಿದ್ದ ಬೆಲೆಯ ಅಂತರ ಬಹುಮಟ್ಟಿಗೆ ಅಡಗಿತು; ಮೀನನ್ನು ಚೆಲ್ಲುವುದು ನಿಂತಿತು; ಬೆಸ್ತರ ಲಾಭವು ಸರಾಸರಿ ನೂರಕ್ಕೆ 8ರಷ್ಟು ಏರಿ, ಕೊಳ್ಳುವವರಿಗೆ ಬೆಲೆಯು ನೂರಕ್ಕೆ 4ರಷ್ಟು ಇಳಿಯಿತು. ಅಂಕಿಗಳಿಗಿಂತಲೂ ವಿದ್ಯಾರ್ಥಿಗೆ ಬೇಕಾದುದು ಆ ಒರೆಗಲ್ಲು.

ನಮ್ಮ ಹುಡುಗನ ವಿಧಾನದಲ್ಲಿ ಅದಿಲ್ಲ. ನೂರು ಮಂದಿ ಅಂಗಡಿಯವರಿಗೆ ‘ಮೊಬೈಲು ಪಾವತಿಯು ಉಪಯುಕ್ತವೆಂದು ಒಪ್ಪುವಿರಾ’ ಎಂಬ ಪ್ರಶ್ನಾವಳಿಯನ್ನು ಕೊಡುವನಂತೆ. ಎದುರಿಗೆ ಗಿರಾಕಿ ನಿಂತಿರುವಾಗ ಯಾವ ಅಂಗಡಿಯವನಾದರೂ ಒಪ್ಪುವೆನೆಂದು ಗುರುತು ಹಾಕಿ ಸಕ್ಕರೆ ತೂಗಲು ಹೋಗುವನು. ಅದರ ಬದಲು ಹತ್ತು ಹನ್ನೆರಡು ಅಂಗಡಿಗಳ ಉದ್ದರಿ ಪುಸ್ತಕಗಳನ್ನು ನೋಡಲಿ. ಫಲಕ ಇಡುವುದಕ್ಕೆ ಮುಂಚಿನ ವರ್ಷ, ಅನಂತರದ ವರ್ಷ, ಬಾಕಿ ತೀರಲು ಹಿಡಿದ ದಿನಗಳೆಷ್ಟು ಎಂಬುದನ್ನು ಎಣಿಸಲಿ. ಬರಿಯ ಹಿಂದು ಮುಂದಿನ ಹೋಲಿಕೆ ಸಾಲದು, 2017ರಲ್ಲಿ ಜಿ.ಎಸ್.ಟಿ. ಬಂದಿತು, 2020ರಲ್ಲಿ ಕೊರೋನ ಬಂದಿತು, ಅವೂ ವ್ಯಾಪಾರವನ್ನು ಅಲ್ಲಾಡಿಸಿದುವು. ಬೇಗ ಫಲಕ ಇಟ್ಟ ಅಂಗಡಿಯನ್ನು ತಡವಾಗಿ ಇಟ್ಟುದರೊಡನೆಯೂ, ಒಂದೇ ಅಂಗಡಿಯಲ್ಲಿ ಮೊಬೈಲಿನಿಂದ ಬಾಕಿ ತೀರಿಸುವವರನ್ನು ನಗದಿನವರೊಡನೆಯೂ ಇಟ್ಟು ನೋಡತಕ್ಕದ್ದು.

ಪೂರ್ವಪಕ್ಷಕ್ಕೆ ಈಗಿನವರು ಸಾಹಿತ್ಯಾವಲೋಕನವೆನ್ನುವರು. ಹುಡುಗನ ನಾಲ್ಕು ಪುಟಗಳಲ್ಲಿ ಇಂಥವರು ಇಂಥ ವರ್ಷ ಹೀಗೆಂದರು ಎಂಬ ಸಾಲುಗಳು ಪಂಚಾಂಗದಂತೆ ಇಳಿದಿವೆ. ಎದುರಾಳಿಯ ವಾದವನ್ನು ಅವನೇ ಬಂದು ಹೇಳಿದರೂ ಅಷ್ಟು ಬಲವಾಗಿ ಹೇಳಲಾರನೆಂಬಷ್ಟು ಚೆನ್ನಾಗಿ ಹೇಳಿ, ಬಳಿಕ ಎಲ್ಲಿ ಕೊರತೆಯೆಂದು ತೋರಿಸುವುದು ಶಾಸ್ತ್ರಕಾರರ ಪದ್ಧತಿ. ನಾಲ್ಕು ಪುಟ ಒಂದೂವರೆಯಾದರೂ ಚಿಂತೆಯಿಲ್ಲ. ಒಂಬತ್ತು ಉದ್ದೇಶಗಳು ಎರಡಾಗಲಿ.

ಇಲ್ಲೊಂದು ಸೂಕ್ಷ್ಮವುಂಟು. ಉದ್ದರಿ ಪುಸ್ತಕವು ಊರಿನ ಬಡತನದ ಪುಸ್ತಕ. ಯಾರ ಮನೆಗೆ ಎಷ್ಟು ಅಕ್ಕಿ ಸಾಲವಾಗಿ ಹೋಯಿತೆಂಬುದು ಪರೀಕ್ಷಕರಿಗೆ ಬೇಡ. ಹೆಸರುಗಳ ಬದಲು ಸಂಖ್ಯೆಗಳನ್ನು ಬಳಸುವುದಾಗಿ ಪ್ರಸ್ತಾವದಲ್ಲಿಯೇ ಬರೆಯತಕ್ಕದ್ದು. ತಂದೆಯ ಅನುಮತಿಯೂ ಬರಿಯ ಉಪಚಾರವಲ್ಲ. ಅಂಗಡಿಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆಯೆಂದು ಲೆಕ್ಕವು ಹೇಳಿದರೆ ಮಗನು ಅದನ್ನೇ ಬರೆಯಬೇಕಾಗುವುದು. ಮೂವತ್ತು ವರ್ಷ ಗಲ್ಲಾದ ಮೇಲೆ ಕುಳಿತವರಿಗೆ ಅದನ್ನು ಮಗನ ಕೈಬರಹದಲ್ಲಿ ಓದುವುದು ಸುಲಭವಲ್ಲ. ಈ ಮಾತನ್ನು ತಂದೆಗೆ ಪುಸ್ತಕ ಕೇಳುವ ದಿನವೇ ಹೇಳಿಬಿಡಲಿ. ಅವರು ಒಲ್ಲೆನೆಂದರೆ ಬೇರೆ ಅಂಗಡಿಗಳನ್ನು ಆಶ್ರಯಿಸಲಿ. ಆದರೆ ಒಪ್ಪಿಕೊಟ್ಟ ತಂದೆಯ ಅಂಕಿಗಳನ್ನು ಮುದ್ದಿಗಾಗಿ ಮೃದುಮಾಡಕೂಡದು.

ಕಾಲದ ಪಟ್ಟಿಯಲ್ಲಿ ಅವನು ಸಾಮಗ್ರಿ ಸಂಗ್ರಹಕ್ಕೆ ಹದಿನೈದು ದಿನಗಳನ್ನಿಟ್ಟಿರುವನು. ಕೈಬರಹದ ಪುಸ್ತಕಗಳನ್ನು ನಕಲಿಸುವುದಕ್ಕೆ ಅದು ಸಾಲದು. ಎರಡು ತಿಂಗಳುಗಳೆಂದು ತಿದ್ದಲಿ. ದೀಪಾವಳಿಗೆ ಹೊಸ ಪುಸ್ತಕ ತೆರೆದು ಹಳೆಯವನ್ನು ರದ್ದಿಯವನಿಗೆ ತೂಗಿಹಾಕುವ ಅಂಗಡಿಗಳು ಬಹಳ. ಅಟ್ಟದ ಮೇಲೆ ಅಂಥವು ಉಳಿದಿದ್ದರೆ ಈ ವರ್ಷ ಯಾರಿಗೂ ಕೊಡದಂತೆ ತಾಯಿಯವರು ನೋಡಿಕೊಳ್ಳಲಿ. 2015, 2016ರವು ಸಿಕ್ಕರೆ ಇಲಿ ಮುಟ್ಟದ ಕಡೆ ಬೇರೆಯಾಗಿ ಎತ್ತಿಡಲಿ.